ಹಿಂದಕ್ಕೆ ತಿರುಗದ ಲೇತು

ಬೇಸಿಗೆ ರಜ ಅಂದರೆ ಗುಬ್ಬಿ, ಗುಬ್ಬಿ ಅಂದರೆ ಅಜ್ಜಿ ಮನೆಯ ಮಜ್ಜಿಗೆ ಅಂತಿದ್ದ ಕಾಲ ಅದು. ಪರೀಕ್ಷೆ ಮುಗಿದ ಮಾರನೆಯ ದಿನವೇ ಅಪ್ಪ ತುಮಕೂರಿನಿಂದ ಬಸ್ಸಿನಲ್ಲಿ ಕರೆತಂದು, ನನ್ನನ್ನೂ ನನ್ನ ಬಟ್ಟೆ ಚೀಲವನ್ನೂ ತಾತನ ಕೈಗೆ ಒಪ್ಪಿಸಿ, ನಿಂತ ಕಾಲಲ್ಲೇ ಒಂದು ಲೋಟ ಮಜ್ಜಿಗೆ ಕುಡಿದು ವಾಪಸ್ಸು ಬಸ್ಸು ಹತ್ತುತ್ತಿದ್ದರು. ಆಮೇಲೆ ಮಳೆ ಬಿದ್ದು ಸ್ಕೂಲು ಬಾಗಿಲು ತೆಗೆಯುವವರೆಗೆ ನನ್ನನ್ನು ಕೇಳುವವರೇ ಇಲ್ಲ.

ಅಂಥ ರಜೆಗಳು ಎಷ್ಟೋ ಕಳೆದವು. ಆದರೆ ನನಗೆ ಒಂಬತ್ತೋ ಹತ್ತೋ ಇದ್ದಾಗಿನ ಒಂದು ರಜೆ ಮಾತ್ರ ಈಗಲೂ ನನ್ನನ್ನು ಬಿಟ್ಟಿಲ್ಲ. ಅದನ್ನು ನೆನೆದರೆ ಮೊದಲು ಕಾಣುವುದು ಹಿತ್ತಿಲ ತಗಡಿನ ಶೆಡ್ಡು, ಅದರಲ್ಲಿ ನಾವು ನಾಲ್ಕು ಜನ. ಲೇತಿನ ಮುಂದೆ ಬನಿಯನ್ನು, ಪಂಚೆಯಲ್ಲಿ ತಾತ. ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂತು, ಟೆಸ್ಟರನ್ನು ಬೀಡಿಯ ಹಾಗೆ ಬಾಯಲ್ಲಿ ಕಚ್ಚಿಕೊಂಡು, ಮೋಟಾರಿನ ಹೊಟ್ಟೆಯಿಂದ ವೈರು ಎಳೆಯುತ್ತಿದ್ದ ದಸ್ತಗೀರ್ ಸಾಬರು. ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತ ಅಜ್ಜಿ. ಅಜ್ಜಿಯ ಸೆರಗಿನ ಹಿಂದೆ, ಒಂದೇ ಒಂದು ಕಣ್ಣನ್ನು ಹೊರಗಿಟ್ಟುಕೊಂಡು, ನಾನು.

ತಾತ ಮೇಷ್ಟ್ರಾಗಿದ್ದವರು. ರಿಟೈರಾದ ಮೇಲೆ ಅವರ ಜೊತೆಯವರೆಲ್ಲ ಅರಳಿಕಟ್ಟೆ ಸೇರಿ ಪೇಪರು ಓದುತ್ತಿದ್ದರೆ, ತಾತ ಎಲ್ಲಿಂದಲೋ ಮರವನ್ನು ತಿರುಗಿಸಿ ಕಡೆಯುವ ಒಂದು ಹಳೆಯ ಲೇತು ತಂದು ಹಿತ್ತಿಲಲ್ಲಿ ನಿಲ್ಲಿಸಿದರು. ಯಾವುದೋ ಹೋಟೆಲಿನವರು ಬಿಸಾಕಿದ ರುಬ್ಬುವ ಗ್ರೈಂಡರಿನ ಮೋಟಾರನ್ನು ಅದಕ್ಕೆ ಕೂರಿಸಿದವರು ದಸ್ತಗೀರ್ ಸಾಬರು. ನಮ್ಮ ಬೀದಿಯ ತುದಿಯಲ್ಲೇ ಅವರ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವ ಕೆಲಸ. ಅವರು ಬಂದರೆಂದರೆ ವಾರ್ನಿಷ್ ವಾಸನೆ ಮೊದಲು ಬರುತ್ತಿತ್ತು, ನಗು ಆಮೇಲೆ.

ತಾತನಿಗೆ ಅದು ಹೊಟ್ಟೆಪಾಡಲ್ಲ, ಕೈ ಸುಮ್ಮನಿರದ ಖಯಾಲಿ. ಬುಗುರಿ ಕಡೆದರು, ಲಟ್ಟಣಿಗೆ ಕಡೆದರು, ಮಂಚದ ಕಾಲಿಗೆ ಕೈ ಹಾಕಿ ಬಿಟ್ಟರು. ಬೀದಿಯ ಪ್ರತಿ ಮನೆಯಲ್ಲೂ ತಾತನ ಲಟ್ಟಣಿಗೆ ಇತ್ತು. ಎಲ್ಲವೂ ಎಲ್ಲೋ ಒಂದು ಕಡೆ ಸೊಟ್ಟ. ಅದರಲ್ಲಿ ಲಟ್ಟಿಸಿದ ಚಪಾತಿ ಗುಂಡಗಿದ್ದರೆ ಅದು ತಾತನ ಲಟ್ಟಣಿಗೆ ಅಲ್ಲ ಅನ್ನುತ್ತಿದ್ದಳು ಅಜ್ಜಿ.

ಶೆಡ್ಡಿನ ವಾಸನೆ ನನಗೆ ಇಷ್ಟವಿತ್ತು. ಹೊನ್ನೆ ಮರದ ಕೆಂಪು ಪುಡಿ, ಯಂತ್ರದೆಣ್ಣೆ, ಬಿಸಿಲಿಗೆ ಕಾದ ತಗಡು. ಉಳಿ ತಾಗಿದಾಗ ಮರದಿಂದ ಸುರುಳಿ ಸುರುಳಿಯಾಗಿ ಸಿಪ್ಪೆ ಏಳುತ್ತಿತ್ತು. ಅದನ್ನು ಆರಿಸಿ ಕಿವಿಗೆ ಲೋಲಾಕು, ಕೈಗೆ ಬಳೆ ಮಾಡಿಕೊಳ್ಳುತ್ತಿದ್ದೆ. ಹಾಗೆ ಆರಿಸುತ್ತಿದ್ದಾಗಲೇ ಹೆದರಿಕೆ ಹತ್ತಿಕೊಂಡಿದ್ದು.

ಅವತ್ತು ಕರೆಂಟು ಹೋಗಿತ್ತು. ತಾತ ಕೆಲಸ ಅಲ್ಲಿಗೇ ಬಿಟ್ಟು ಒಳಗೆ ಹೋಗಿ ಮಲಗಿದ್ದರು. ನಾನು ಒಬ್ಬಳೇ ಲೇತಿನ ಕಾಲ ಬಳಿ ಕೂತು ಸಿಪ್ಪೆ ಆರಿಸುತ್ತಿದ್ದೆ. ಮೇಲಿನ ಬಲ್ಬು ಫಕ್ಕನೆ ಹತ್ತಿಕೊಂಡಿತು. ಅದರ ಹಿಂದೆಯೇ, ಯಾರೂ ಮುಟ್ಟದೆ, ಯಾರೂ ಇಲ್ಲದೆ, ಲೇತು ಗುರ್ರೆಂದು ತಿರುಗತೊಡಗಿತು. ಮರದ ತುಂಡು, ಬೆಲ್ಟು, ಚಕ್ರ ಎಲ್ಲ ನನ್ನ ತಲೆಯ ಪಕ್ಕದಲ್ಲೇ ಓಡುತ್ತಿವೆ. ನಾನು ಎದ್ದು ಓಡಿದೆನೋ, ತೆವಳಿಕೊಂಡು ಹೋದೆನೋ ಗೊತ್ತಿಲ್ಲ. ಅಡುಗೆಮನೆಯಲ್ಲಿ ಅಜ್ಜಿಯ ಕಾಲು ಹಿಡಿದುಕೊಂಡಿದ್ದೆ, ಲಂಗ ಒದ್ದೆಯಾಗಿತ್ತು. ಕರೆಂಟು ಹೋದಾಗ ತಾತ ಸ್ವಿಚ್ಚು ಆರಿಸಲು ಮರೆತಿದ್ದರು, ಕರೆಂಟು ಬಂದ ಕೂಡಲೇ ಅದು ತನ್ನ ಕೆಲಸ ತಾನು ಮುಂದುವರಿಸಿತ್ತು, ಅಷ್ಟೇ. ಆದರೆ ಆ ‘ಅಷ್ಟೇ’ ನನಗೆ ಸಮಾಧಾನ ಕೊಡಲಿಲ್ಲ. ಅದಕ್ಕೆ ಮನುಷ್ಯರು ಬೇಕಿಲ್ಲ ಅನ್ನುವುದು ನನಗೆ ಗೊತ್ತಾಗಿಹೋಗಿತ್ತು.

ಅಲ್ಲಿಂದಾಚೆಗೆ ಬಚ್ಚಲಿಗೆ ಹೋಗಬೇಕಾದರೂ ಶೆಡ್ಡಿನ ಕಡೆ ಬೆನ್ನು ಮಾಡುತ್ತಿರಲಿಲ್ಲ. ಗೋಡೆಗೆ ಒರಗಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆ. ಕರೆಂಟು ಹೋಗಲು ಹೆದರಿಕೆ ಇರಲಿಲ್ಲ, ಬರಲು ಹೆದರಿಕೆ.

ಈ ಮಧ್ಯೆ ಅಜ್ಜಿಯ ದೂರು ಶುರುವಾಯಿತು. ಹಳೆಯ ಕಡಗೋಲು ಮುರಿದಿತ್ತೆಂದು ತಾತ ಹೊನ್ನೆ ಮರದಲ್ಲಿ ಹೊಸದು ಕಡೆದುಕೊಟ್ಟಿದ್ದರು. ನೋಡಲು ಚೆಂದವೇ ಇತ್ತು. ಆದರೆ ಕಡೆದ ಮಜ್ಜಿಗೆಯಲ್ಲಿ ದಿನವೂ ಒಂದೋ ಎರಡೋ ಸಿಬರು. ಅಜ್ಜಿ ಬಟ್ಟೆಯಲ್ಲಿ ಸೋಸಿ, ಆ ಸಿಬರನ್ನು ಬೆರಳ ತುದಿಯಲ್ಲಿ ತಂದು, ಊಟಕ್ಕೆ ಕೂತ ತಾತನ ಎಲೆಯ ಅಂಚಿಗೆ ಉಪ್ಪಿನಕಾಯಿ ಬಡಿಸಿದಂತೆ ಬಡಿಸುತ್ತಿದ್ದಳು. ತಾತ ತಲೆ ಎತ್ತದೆ ಉಣ್ಣುತ್ತಿದ್ದರು. ಕೊನೆಗೆ ದಸ್ತಗೀರ್ ಸಾಬರ ಹತ್ತಿರ ಪಂಚಾಯಿತಿ ಹೋಯಿತು. ಅವರು ಕಡಗೋಲಿನ ಮೇಲೆ ಒಮ್ಮೆ ಹೀಗೆ, ಒಮ್ಮೆ ಹಾಗೆ ಕೈ ಆಡಿಸಿ, ಲೇತು ಒಂದೇ ದಿಕ್ಕಿಗೆ ತಿರುಗುವುದೇ ಇದಕ್ಕೆಲ್ಲ ಕಾರಣ ಅಂದರು. ಮರಳುಕಾಗದದಲ್ಲಿ ಒಂದೇ ಕಡೆ ಉಜ್ಜಿದರೆ ಮರದ ನಾರು ಬೆಕ್ಕಿನ ಕೂದಲ ಹಾಗೆ ಮಲಗಿಬಿಡುತ್ತದೆ, ಒದ್ದೆಯಾದಾಗ ಮತ್ತೆ ಏಳುತ್ತದೆ. ಹಿಂದಕ್ಕೂ ತಿರುಗಿಸಿ ಉಜ್ಜಬೇಕು. ಅದಕ್ಕೆ ಮೋಟಾರು ಉಲ್ಟಾ ಓಡಬೇಕು.

ನಾನು ಮೊದಲು ಹೇಳಿದೆನಲ್ಲ, ನಾಲ್ಕು ಜನ ಶೆಡ್ಡಿನಲ್ಲಿ ನಿಂತಿದ್ದು, ಅದು ಆ ಉಲ್ಟಾ ಸ್ವಿಚ್ಚು ಹಾಕಿದ ದಿನ. ಒಂದು ಕಪ್ಪು ಡಬ್ಬಿ, ಅದರ ಮೇಲೊಂದು ಹಿಡಿ. ಬಲಕ್ಕೆ ಎಳೆದರೆ ಲೇತು ಮುಂದಕ್ಕೆ, ಎಡಕ್ಕೆ ಎಳೆದರೆ ಹಿಂದಕ್ಕೆ, ನಡುವೆ ಬಿಟ್ಟರೆ ನಿಲ್ಲುತ್ತದೆ. ಸಾಬರು ಎಡಕ್ಕೆ ಎಳೆದು ತೋರಿಸಿದರು. ಲೇತು ನಿಜವಾಗಿ ಹಿಂದಕ್ಕೆ ತಿರುಗಿತು. ಮುಂದಕ್ಕೆ ತಿರುಗಿಸಿ ಉಜ್ಜುವಾಗ ಕೆಂಪು ಪುಡಿಯೆಲ್ಲ ತಾತನ ಬನಿಯನ್ನಿನ ಮೇಲೆ ಬೀಳುತ್ತಿತ್ತು; ಈಗ ಅದು ಆಚೆ ಗೋಡೆಗೆ ಹಾರಿತು. ಅಜ್ಜಿಗೆ ಬೇರೆ ಏನೂ ಹಿಡಿಸಲಿಲ್ಲ, ಇದೊಂದು ಹಿಡಿಸಿತು. ಇನ್ನು ಮೇಲೆ ಉಲ್ಟಾನೇ ಓಡಿಸಿ, ಬನಿಯನ್ನು ಒಗೆಯುವ ಕೆಲಸವಾದರೂ ತಪ್ಪುತ್ತದೆ ಅಂದಳು.

ತಾತ ಖುಷಿಯಲ್ಲಿ ಹಿಡಿಯನ್ನು ಎಡಬಲ ಆಡಿಸಹೋದಾಗ ಸಾಬರು ಅವರ ಕೈ ಹಿಡಿದುಕೊಂಡರು.

"ಮೇಷ್ಟ್ರೇ, ಒಂದು ಮಾತು. ಓಡ್ತಾ ಇದ್ದಾಗ ಎಳೀಬ್ಯಾಡಿ. ನಡುವೆ ಬುಟ್ಟು, ಪೂರ್ತಿ ನಿಂತ್ಮೇಲೆ ಆ ಕಡೆ ಹಾಕಿ. ಇದರೊಳಗೆ ಶುರು ಮಾಡ್ಸೋ ತಂತಿ ಕಾಯಿಲ್ಲೇ ಬೇರೆ, ಓಡ್ಸೋ ಕಾಯಿಲ್ಲೇ ಬೇರೆ. ಒಂದ್ಸಲ ಓಡೋಕೆ ಶುರುವಾದ್ರೆ ಯಾವ ಕಡೆಗೆ ಅಂತ ಅದು ಕೇಳಲ್ಲ."

"ಕೇಳ್ದೆ ಏನ್ಮಾಡುತ್ತೆ?"

"ಓಡ್ತಾ ಇರೋ ಎತ್ತಿನ ಬಾಲ ತಿರುವಿದ್ರೆ ಹಿಂದಕ್ಕೆ ಬರ್ತದಾ? ಮುಂದಕ್ಕೇ ಓಡ್ತದೆ. ಹಿಡಿ ಎಡಕ್ಕೆ ಇರ್ತದೆ, ಲೇತು ಬಲಕ್ಕೆ ಓಡ್ತಿರ್ತದೆ. ಆಮೇಲೆ ಯಾವುದು ನಿಜ ಅಂತ ನಿಮಗೂ ಗೊತ್ತಾಗಲ್ಲ, ನನಗೂ ಗೊತ್ತಾಗಲ್ಲ."

ಅಜ್ಜಿ ಬಾಗಿಲಲ್ಲೇ ನಿಂತು ಮೂತಿ ತಿರುವಿದಳು. "ನನ್ ಕಡಗೋಲು ದಿನಾ ಮುಂದಕ್ಕೂ ಹೋಗ್ತದೆ, ಹಿಂದಕ್ಕೂ ಬರ್ತದೆ. ಎರಡು ಕೈ, ಒಂದು ಹಗ್ಗ. ಅದಕ್ಕೆ ಯಾವ ಕಾಯಿಲ್ಲೂ ಇಲ್ಲ, ಯಾವ ಎತ್ತೂ ಇಲ್ಲ."

ಸಾಬರು ನಕ್ಕರು. ತಾತ ನಗಲಿಲ್ಲ. ನಾನು ಮಾತ್ರ ಸೆರಗಿನ ಹಿಂದೆ ನಿಂತು ಹೊಸದೊಂದು ಹೆದರಿಕೆಯನ್ನು ನುಂಗುತ್ತಿದ್ದೆ. ಯಾರೂ ಮುಟ್ಟದೆಯೇ ಹೊರಡುತ್ತಿದ್ದ ಆ ಯಂತ್ರ ಇನ್ನು ಮೇಲೆ ಹೇಳಿದ ಮಾತನ್ನೂ ಕೇಳದೆ ಇರಬಹುದು.

ಆ ವಾರವೇ ಸಂತೆಯಲ್ಲಿ ಮೊಗ್ಗು ಅಗ್ಗವಾಗಿತ್ತು. ಬೇಸಿಗೆಯಲ್ಲಿ ಹೆಣ್ಣುಮಕ್ಕಳಿಗೆ ಮೊಗ್ಗಿನ ಜಡೆ ಹೆಣೆದು, ಸ್ಟುಡಿಯೋಗೆ ಕರೆದುಕೊಂಡು ಹೋಗಿ, ಕನ್ನಡಿಯ ಮುಂದೆ ಬೆನ್ನು ಕಾಣುವ ಹಾಗೆ ನಿಲ್ಲಿಸಿ ಫೋಟೋ ತೆಗೆಸದ ಮನೆ ಆಗ ನಮ್ಮ ಕಡೆ ಇರಲಿಲ್ಲ. ನನ್ನ ಸರದಿ ಬಂತು. ಬೆಳಿಗ್ಗೆ ತಿಂಡಿ ಆದಾಗ ನನ್ನನ್ನು ಮಣೆಯ ಮೇಲೆ ಕೂರಿಸಿದ ಅಜ್ಜಿ ಊಟದ ಹೊತ್ತಿನವರೆಗೂ ಏಳಗೊಡಲಿಲ್ಲ. ನನ್ನ ಗಿಡ್ಡ ಕೂದಲಿಗೆ ಅಮ್ಮನ ಹಳೆಯ ಚೌರಿ ಸೇರಿಸಿ ಮೊಣಕಾಲು ಮುಟ್ಟುವಷ್ಟು ಉದ್ದ ಮಾಡಿದಳು. ಬಾಳೆಪಟ್ಟೆಯ ಮೇಲೆ ಮೊಗ್ಗುಗಳನ್ನು ಸಾಲಾಗಿ ಹೊಲಿದು, ಅದನ್ನು ಜಡೆಗೆ ಬಿಗಿದು ಹೊಲಿದಳು. ಸೂಜಿ ಒಮ್ಮೊಮ್ಮೆ ಕುತ್ತಿಗೆಗೆ ತಾಗುತ್ತಿತ್ತು. ಅತ್ತರೆ ಮೊಗ್ಗು ಅರಳಿಬಿಡುತ್ತದೆ ಅನ್ನುತ್ತಿದ್ದಳು. ನಾನು ನಂಬಿ ಸುಮ್ಮನಿರುತ್ತಿದ್ದೆ. ತುದಿಗೆ ಕೆಂಪು ರೇಷ್ಮೆಯ ಕುಚ್ಚು. ಆ ಕುಚ್ಚಿನ ಮೂರು ಮರದ ಗುಂಡುಗಳನ್ನು ತಾತನೇ ಕಡೆದುಕೊಟ್ಟಿದ್ದರು.

ಸಂಜೆ ಸ್ಟುಡಿಯೋಗೆ ಹೋಗುವುದೆಂದು ಆಗಿತ್ತು. ಅದಕ್ಕೆ ಮುಂಚೆ ತಾತನಿಗೆ ತೋರಿಸಬೇಕು ಅಂದೆ. ಅಜ್ಜಿ ಹೋಗು ಅಂದಳು, ಹೊಸಿಲು ಮಾತ್ರ ದಾಟಬೇಡ, ಬಾಗಿಲಲ್ಲೇ ನಿಂತು ತೋರಿಸಿ ಬಂದುಬಿಡು ಅಂದಳು.

ಆ ಬೇಸಿಗೆ ದಿನವೂ ಊಟದ ಹೊತ್ತಿಗೆ ಕರೆಂಟು ತೆಗೆಯುತ್ತಿದ್ದರು. ಅಷ್ಟರೊಳಗೆ ಕಡಗೋಲನ್ನು ಎರಡೂ ಕಡೆ ಉಜ್ಜಿ ಮುಗಿಸಬೇಕೆಂದು ತಾತ ಆತುರದಲ್ಲಿದ್ದರು. ನಾನು ಬಾಗಿಲಿಗೆ ಬಂದಾಗ ಲೇತು ನಿಧಾನವಾಗಿ ತಿರುಗುತ್ತಿತ್ತು. ತಾತ ಅಂತ ಕೂಗಿದೆ, ಕೇಳಿಸಲಿಲ್ಲ. ಬನಿಯನ್ನಿನ ಮೇಲೆಲ್ಲ ಕೆಂಪು ಪುಡಿ. ಗೋಡೆಯ ಗಡಿಯಾರದ ಕಡೆ ಒಮ್ಮೆ ನೋಡಿ, ಅವರು ಹಿಡಿಯನ್ನು ಬಲದಿಂದ ಎಡಕ್ಕೆ ಒಂದೇ ಏಟಿಗೆ ಎಳೆದರು. ನಡುವೆ ನಿಲ್ಲಿಸಲಿಲ್ಲ. ಲೇತು ಒಮ್ಮೆ ತೊದಲಿದಂತೆ ಸದ್ದು ಮಾಡಿ ಮತ್ತೆ ಓಡಿತು. ಪುಡಿ ಮತ್ತೆ ಬನಿಯನ್ನಿನ ಮೇಲೇ ಬಿತ್ತು. ತಾತ ಅದನ್ನು ನೋಡಿಕೊಳ್ಳಲಿಲ್ಲ, ತಲೆ ಎತ್ತಿ ನನ್ನನ್ನು ನೋಡಿದರು. ಮುಖ ಅರಳಿತು. ಕೈಯಲ್ಲೇ ತಿರುಗು ಅಂತ ಸನ್ನೆ ಮಾಡಿದರು.

ಮೊಗ್ಗಿನ ಜಡೆ ತೋರಿಸುವುದೆಂದರೆ ಬೆನ್ನು ತೋರಿಸುವುದು. ನಾನು ಹೊಸಿಲ ಮೇಲೆ ನಿಂತು ಗಿರ್ರನೆ ತಿರುಗಿದೆ. ಹೊಸಿಲು ನಾನು ದಾಟಲಿಲ್ಲ. ದಾಟಿದ್ದು ಜಡೆ.

ಲೇತಿನ ಬೆಲ್ಟು, ಚಕ್ರ ಇದ್ದ ತುದಿ ಬಾಗಿಲಿಗೇ ಹತ್ತಿರ. ಅದಕ್ಕೊಂದು ತಗಡಿನ ಮುಚ್ಚಳವಿತ್ತು, ಮುಚ್ಚಳಕ್ಕೊಂದು ಸಂದು ಇತ್ತು. ಬೀಸಿದ ಕುಚ್ಚು ಆ ಸಂದಿನೊಳಗೆ ಹೋಯಿತು. ಮೊದಲು ಯಾರೋ ಹಿಂದಿನಿಂದ ತಮಾಷೆಗೆ ಜಡೆ ಎಳೆದ ಹಾಗೆ ಅನಿಸಿತು. ಆಮೇಲೆ ಅದು ತಮಾಷೆಯಾಗಿರಲಿಲ್ಲ. ಮೊಗ್ಗುಗಳು ಕಾದ ಬಾಣಲೆಯ ಅರಳಿನಂತೆ ಸಿಡಿದವು. ನನ್ನ ತಲೆ ತಗಡಿಗೆ ಬಡಿಯಿತು. ಕುತ್ತಿಗೆ ಹಿಂದಕ್ಕೆ ಬಾಗಿತು. ಬುರುಡೆಯ ಚರ್ಮವೇ ಬಟ್ಟೆಯಂತೆ ಎದ್ದು ಬರುತ್ತಿದೆ ಅನ್ನಿಸುವಷ್ಟರಲ್ಲಿ ಎಲ್ಲ ಸದ್ದೂ ನಿಂತಿತು.

ಕರೆಂಟು ಹೋಗಿತ್ತು.

ಅದು ಹೋದದ್ದರಿಂದ ಉಳಿದೆ ಅಂತ ಈಗ ಹೇಳುತ್ತೇನೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ಅದು ಬರುತ್ತದೆ. ತಲೆ ಹಿಂದಕ್ಕೆ ಬಾಗಿ ತಗಡಿಗೆ ಅಂಟಿಕೊಂಡಿದ್ದರಿಂದ ನನಗೆ ನೇರಕ್ಕೆ ಕಾಣುತ್ತಿದ್ದದ್ದು ಸೂರಿನ ಆ ಬಲ್ಬು, ಉಳಿದದ್ದೆಲ್ಲ ಕಣ್ಣಂಚಿನಲ್ಲಿ. ಅದು ಹತ್ತಿಕೊಂಡರೆ ಅದರ ಹಿಂದೆಯೇ ಗುರ್ರೆನ್ನುವುದು ನನಗೆ ಗೊತ್ತು. ತಾತ ಗೋಡೆಯ ಹತ್ತಿರ ತಡಕಾಡುತ್ತಿದ್ದರು. ಪ್ಲಗ್ಗು ಸಿಕ್ಕರೂ ಹಿಡಿತ ಸಿಗಲಿಲ್ಲ. ಕೊನೆಗೆ ವೈರನ್ನೇ ಜಗ್ಗಿ ಕಿತ್ತರು. ಕಿತ್ತ ಪ್ಲಗ್ಗನ್ನು ನನ್ನ ಕಣ್ಣ ಮುಂದೆ ಹಿಡಿದು, ನೋಡು ಮಗ, ಕಿತ್ತಿದೀನಿ, ಇನ್ನು ಏನೂ ಆಗಲ್ಲ ಅಂತ ಮತ್ತೆ ಮತ್ತೆ ಹೇಳಿದರು. ನಾನು ಪ್ಲಗ್ಗು ನೋಡಲಿಲ್ಲ. ಬಲ್ಬು ನೋಡುತ್ತಿದ್ದೆ.

ಅಜ್ಜಿ ಬಂದಳು. ಅರ್ಧ ದಿನ ಕೂತು ಹೆಣೆದ ಜಡೆಯ ಕಡೆ ಒಮ್ಮೆಯೂ ನೋಡದೆ ಓಡಿಹೋಗಿ ಕತ್ತರಿ ತಂದಳು. ಆದರೆ ಕತ್ತರಿ ತೂರಿಸಲು ಜಾಗವಿರಲಿಲ್ಲ. ತಲೆಗೂ ತಗಡಿಗೂ ನಡುವೆ ಬೆರಳೂ ಹೋಗುತ್ತಿರಲಿಲ್ಲ. ತಗಡಿನ ಒಳಗೆ ಕೂದಲು ಯಾವ ಕಡೆಯಿಂದ ಸುತ್ತಿಕೊಂಡಿದೆ ಅನ್ನುವುದೂ ಕಾಣುತ್ತಿರಲಿಲ್ಲ. ಮುಚ್ಚಳ ಬಿಚ್ಚಬೇಕೆಂದರೆ ಅದರ ಬೋಲ್ಟು ನನ್ನ ಕಿವಿಯ ಅಡಿಯಲ್ಲೇ ಇತ್ತು. ಲೇತನ್ನು ಕೈಯಿಂದ ಒಂದಿಷ್ಟು ಹಿಮ್ಮುಖ ತಿರುಗಿಸಿದರೆ ಸಡಿಲವಾಗುತ್ತದೆ. ಆದರೆ ಹಿಮ್ಮುಖ ಯಾವುದು?

"ಹಿಡಿ ಎಡಕ್ಕೈತೆ. ಅಂದ್ರೆ ಉಲ್ಟಾ ಓಡ್ತಿತ್ತು. ನಾನೀಗ ಮುಂದಕ್ಕೆ ತಿರುಗಿಸ್ಬೇಕು," ಅಂತ ತಾತ ಚಕ್ರಕ್ಕೆ ಕೈ ಹಾಕಿದರು.

ಅಜ್ಜಿ ಅವರ ಮಣಿಕಟ್ಟು ಹಿಡಿದಳು. "ಕೈ ತೆಗೀರಿ. ಸಾಬ್ರು ಬರ್ಲಿ."

"ಅಷ್ಟೊತ್ತು ಮಗು ಹಿಂಗೇ..."

"ಬರ್ಲಿ ಅಂದೆ."

ಅಜ್ಜಿ ತಾತನಿಗೆ ಹಾಗೆ ಏರುದನಿಯಲ್ಲಿ ಹೇಳಿದ್ದನ್ನು ನಾನು ಅದಕ್ಕೂ ಮುಂಚೆ ಕೇಳಿರಲಿಲ್ಲ. ತಾತ ಬರಿಗಾಲಲ್ಲಿ ಬೀದಿಗೆ ಓಡಿದರು. ಅಜ್ಜಿ ನನ್ನ ಪಕ್ಕದಲ್ಲಿ ಮಂಡಿಯೂರಿ ಕೂತು, ಎರಡೂ ಅಂಗೈಗಳನ್ನು ಕುತ್ತಿಗೆಯ ಕಡೆಯಿಂದ ನನ್ನ ತಲೆಯಡಿಗೆ ಕೊಟ್ಟು ಎತ್ತಿ ಹಿಡಿದಳು. ಅವಳ ಕೈಯಿಂದ ಬೆಣ್ಣೆಯ ವಾಸನೆ ಬರುತ್ತಿತ್ತು. ಉಸಿರು ಬಿಡು ಅಂದಳು. ಉಸಿರು ಬಿಟ್ಟರೆ ಕೂದಲು ಇನ್ನಷ್ಟು ಎಳೆಯುತ್ತದೇನೋ ಅಂತ ಅದಕ್ಕೂ ಹೆದರಿಕೆ.

ದಸ್ತಗೀರ್ ಸಾಬರು ಊಟದ ಕೈಯಲ್ಲೇ ಬಂದರು. ನನ್ನನ್ನು ನೋಡಲಿಲ್ಲ, ಮೊದಲು ಕಿತ್ತ ಪ್ಲಗ್ಗು ನೋಡಿದರು, ಆಮೇಲೆ ಹಿಡಿ ನೋಡಿದರು. ಆಮೇಲೆ ತಾತನ ಮುಖ.

"ನಿಲ್ಸಿ ಹಾಕಿದ್ರಾ ಮೇಷ್ಟ್ರೇ, ಓಡ್ತಾ ಇದ್ದಾಗ್ಲೇ ಎಳುದ್ರಾ?"

ತಾತನೂ ಹಿಡಿಯನ್ನೇ ನೋಡಿದರು. "ಜ್ಞಾಪಕ ಬರ್ತಿಲ್ಲ ಸಾಬ್ರೇ," ಅಂದರು. "ದೇವ್ರಾಣೆ ಬರ್ತಿಲ್ಲ."

ಸಾಬರು ನನ್ನ ಮುಖದ ಹತ್ತಿರ ಬಗ್ಗಿದರು. ಚರ್ಮ ಮಿತಿಮೀರಿ ಬಿಗಿದಿದೆ, ತಪ್ಪು ಕಡೆಗೆ ಒಂದು ಬೆರಳಷ್ಟು ತಿರುಗಿದರೂ ಕಿತ್ತು ಬರುತ್ತದೆ ಅಂತ ಅಜ್ಜಿಗೆ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು. ಆಮೇಲೆ ನನಗೆ, "ಬೇಟಾ, ನೀನು ನೋಡಿದ್ಯಾ? ಯಾವ ಕಡೆ ತಿರುಗ್ತಿತ್ತು?"

ನನಗೆ ಗೊತ್ತಿತ್ತು. ಪುಡಿ ಬನಿಯನ್ನಿನ ಮೇಲೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಆದರೆ ನಾಲಿಗೆ ಮೇಲೆದ್ದು ಅಂಗುಳಕ್ಕೆ ಅಂಟಿಕೊಂಡಿತ್ತು. ಅವರು ಮತ್ತೆ ಕೇಳಿದರು. ತಾತನೂ ಕೇಳಿದರು. ನಾನು ಬಲ್ಬನ್ನೇ ನೋಡುತ್ತಿದ್ದೆ.

ಬಲ್ಬು ಹತ್ತಿಕೊಂಡಿತು.

ಒಮ್ಮೊಮ್ಮೆ ಹಾಗೆ, ತೆಗೆದ ಕರೆಂಟನ್ನು ಒಂದು ಗಳಿಗೆ ಕೊಟ್ಟು ಮತ್ತೆ ಕಿತ್ತುಕೊಳ್ಳುತ್ತಿದ್ದರು. ನಾನು ಕಣ್ಣು ಮುಚ್ಚಿದೆ. ಅಜ್ಜಿಯ ಅಂಗೈ ನನ್ನ ತಲೆಯನ್ನು ಇನ್ನೂ ಒತ್ತಿ ಹಿಡಿಯಿತು. ಅವಳಿಗೂ ಹೆದರಿಕೆ ಅಂತ ಆಗ ಗೊತ್ತಾಯಿತು. ಕಾದೆ. ಗುರ್ರೆನ್ನಲಿಲ್ಲ. ಇನ್ನೂ ಕಾದೆ. ಎಲ್ಲೋ ಪಕ್ಕದ ಮನೆಯ ರೇಡಿಯೋ ಒಂದು ಮಾತು ಆಡಿ ಸುಮ್ಮನಾಯಿತು. ಕಣ್ಣು ತೆರೆದಾಗ ಬಲ್ಬು ಆರಿತ್ತು. ಲೇತು ಸತ್ತ ಹಾಗೆ ಬಿದ್ದಿತ್ತು. ತಾತ ಹೇಳಿದ್ದು ನಿಜ.

ಆಗ ಮಾತು ಬಂತು. "ಹಿಡಿ ಎಳುದ್ಮೇಲೂ ಪುಡಿ ತಾತನ್ ಮೇಲೇ ಬೀಳ್ತಿತ್ತು."

ಸಾಬರು ತಾತನ ಬನಿಯನ್ನು ನೋಡಿದರು, ಗೋಡೆ ನೋಡಿದರು. ಗೋಡೆಯ ಮೇಲಿದ್ದದ್ದು ಹಳೆಯ ಪುಡಿಯೋ ಹೊಸತೋ ಹೇಳುವಂತಿರಲಿಲ್ಲ. ಮತ್ತೆ ಬಗ್ಗಿ ಕೇಳಿದರು: "ಖಂಡಿತಾನಾ? ಗೋಡೆ ಕಡೆಗಲ್ಲ?"

ಆ ಪ್ರಶ್ನೆಯಷ್ಟು ಹೆದರಿಸಿದ್ದು ಬೇರೊಂದಿಲ್ಲ. ನಾನು ಹೇಳಿದ ಮಾತಿನ ಮೇಲೆ ಅವರು ನನ್ನ ತಲೆಯನ್ನೇ ಇಡುತ್ತಾರೆ. ತಪ್ಪು ನೋಡಿದ್ದರೆ? ದಿನವೂ ಬನಿಯನ್ನಿನ ಮೇಲೆ ಬೀಳುವುದನ್ನು ನೋಡಿ ನೋಡಿ ಇವತ್ತೂ ಹಾಗೇ ಅಂದುಕೊಂಡಿದ್ದರೆ? ಕಣ್ಣ ಮುಂದೆ ಮತ್ತೆ ತಂದುಕೊಂಡೆ. ತಾತನ ಕೈ ಎಡಕ್ಕೆ ಹೋಯಿತು, ಲೇತು ತೊದಲಿತು, ಕೆಂಪು ಪುಡಿ ತಾತನ ಹೊಟ್ಟೆಯ ಮೇಲೆ, ಆಮೇಲೆ ತಾತ ನಕ್ಕರು.

"ಖಂಡಿತ," ಅಂದೆ.

ಸಾಬರು ಬಿಸ್ಮಿಲ್ಲಾ ಅಂದು ಚಕ್ರಕ್ಕೆ ಕೈ ಹಾಕಿದರು. ಹಿಡಿ ಹೇಳುತ್ತಿದ್ದ ದಿಕ್ಕಿಗೇ, ಹಿಂದಕ್ಕೆ, ಹಾಲು ಕಾಯಿಸುವಾಗ ಕೆನೆ ಸರಿಸುವಷ್ಟು ಮೆಲ್ಲಗೆ. ನಾನು ಹಲ್ಲು ಕಚ್ಚಿದೆ. ಬುರುಡೆಯ ಮೇಲಿನ ಎಳೆತ ಅಷ್ಟೇ ಇತ್ತು, ಅಷ್ಟೇ ಇತ್ತು, ಆಮೇಲೆ ಒಂದು ಎಳೆಯಷ್ಟು ಕಡಿಮೆಯಾಯಿತು. ಅಜ್ಜಿ ಪಕ್ಕದಿಂದ "ಬಂತು, ಬಂತು" ಅಂದಳು, ಬೆಣ್ಣೆ ತೇಲುವಾಗ ಅನ್ನುವ ಹಾಗೆಯೇ. ಕತ್ತರಿ ತೂರುವಷ್ಟು ಜಾಗ ಆಯಿತು, ಆದರೆ ಯಾರೂ ಕತ್ತರಿ ಕೇಳಲಿಲ್ಲ. ಸಾಬರು ತಿರುಗಿಸುತ್ತಲೇ ಹೋದರು. ನಜ್ಜುಗುಜ್ಜಾದ ಮೊಗ್ಗು, ಬಾಳೆಪಟ್ಟೆ, ಚೌರಿ, ಕೊನೆಗೆ ಎಣ್ಣೆ ಮೆತ್ತಿದ ಕೆಂಪು ಕುಚ್ಚು, ಎಲ್ಲ ಒಂದೊಂದಾಗಿ ಸಂದಿನಿಂದ ಹೊರಗೆ ಬಂದವು. ನಾನು ಅಜ್ಜಿಯ ಮಡಿಲಲ್ಲಿ ಬಿದ್ದೆ. ಕುತ್ತಿಗೆಯ ಮೇಲ್ಗಡೆ ಒಂದಿಷ್ಟು ಕೂದಲು ಬೇರುಸಹಿತ ಹೋಗಿತ್ತು, ರಕ್ತ ಒಸರಿತ್ತು. ಅಷ್ಟರಲ್ಲೇ ಮುಗಿಯಿತು.

ತಾತ ಆ ಚಕ್ರದ ಪಕ್ಕದಲ್ಲೇ ನೆಲದ ಮೇಲೆ ಕೂತು, ಬಿದ್ದ ಮೊಗ್ಗುಗಳನ್ನು ಒಂದೊಂದೇ ಆರಿಸಿ ಪಂಚೆಗೆ ಹಾಕಿಕೊಳ್ಳುತ್ತಿದ್ದರು.

ಫೋಟೋಗೆ ಹೋಗುವುದು ಬೇಡ ಅಂದುಕೊಂಡೆ. ಅಜ್ಜಿ ಬಿಡಲಿಲ್ಲ. ಗಾಯಕ್ಕೆ ಅರಿಶಿನ ಒತ್ತಿ, ಉಳಿದ ಜಡೆಯ ಮೇಲೆ ಕನಕಾಂಬರ ಸುತ್ತಿ ಕರೆದುಕೊಂಡು ಹೋದಳು. ಫೋಟೋದಲ್ಲಿ ನಿಲ್ಲುವುದೆಂದರೆ ಯಾವಾಗಲೂ ತಪ್ಪಿಸಿಕೊಳ್ಳುತ್ತಿದ್ದ ತಾತ ಅವತ್ತು ತಾವೇ ಬಂದು ಪಕ್ಕದಲ್ಲಿ ನಿಂತರು. ಆ ಫೋಟೋ ಈಗ ನನ್ನ ಹತ್ತಿರ ಇದೆ. ಸ್ಟುಡಿಯೋದವನು ನಗಿ ಅಂದದ್ದಕ್ಕೆ ನಮ್ಮಲ್ಲಿ ಯಾರೂ ನಕ್ಕಿಲ್ಲ. ಕನ್ನಡಿಯಲ್ಲಿ ನನ್ನ ಬೆನ್ನು ಕಾಣುತ್ತದೆ, ಜಡೆ ಕಾಣುತ್ತದೆ, ಜಡೆಯ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡ ತಾತನ ಕೈ ಕಾಣುತ್ತದೆ.

ಈಗ ನಾನಿರುವುದು ತುಮಕೂರಿನ ಶೆಟ್ಟಿಹಳ್ಳಿಯಲ್ಲಿ. ಮಜ್ಜಿಗೆ ಪ್ಯಾಕೆಟ್ಟಿನಲ್ಲಿ ಬರುತ್ತದೆ. ಅದರಲ್ಲಿ ಸಿಬರೂ ಇಲ್ಲ, ಬೆಣ್ಣೆಯೂ ಇಲ್ಲ. ಕರೆಂಟು ಹೋದರೂ ಮನೆಯಲ್ಲಿ ಯಾವುದೂ ನಿಲ್ಲುವುದಿಲ್ಲ, ಬ್ಯಾಟರಿ ಮೇಲೆ ಓಡುತ್ತಿರುತ್ತದೆ. ಆದರೂ ದೀಪ ಒಮ್ಮೆ ಮಿಣುಕಿದರೆ ನನ್ನ ಕೈ ತಾನಾಗಿ ಕುತ್ತಿಗೆಯ ಹಿಂದಕ್ಕೆ ಹೋಗುತ್ತದೆ. ಸಾಬರ ಅಂಗಡಿ ಇದ್ದಲ್ಲಿ ಈಗ ಮೊಬೈಲ್ ರಿಪೇರಿ. ಮೊಗ್ಗಿನ ಜಡೆ ರೆಡಿಮೇಡ್ ಸಿಗುತ್ತದೆ, ಹೋದ ತಿಂಗಳು ಮಗಳಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಕ್ಷಣದಲ್ಲಿ ಆಯಿತು, ಕ್ಷಣದಲ್ಲಿ ಬಿಚ್ಚಿತು. ಅರ್ಧ ದಿನ ಮಣೆಯ ಮೇಲೆ ಕೂರಿಸಿ, ಸೂಜಿ ಚುಚ್ಚಿ, ಅತ್ತರೆ ಮೊಗ್ಗು ಅರಳುತ್ತದೆ ಅಂತ ಹೆದರಿಸುವವರು ಅವಳಿಗಿಲ್ಲ. ಹೆದರಿಕೆಯಾದಾಗ ತಲೆಯಡಿಗೆ ಅಂಗೈ ಕೊಟ್ಟವರು ಹೋದಮೇಲೆ, ಹೆದರಿಕೆ ಮಾತ್ರ ಉಳಿದುಕೊಳ್ಳುತ್ತದೆ.

ಒಂದು ಹೇಳುವುದು ಉಳಿಯಿತು.

ಮಾರನೆಯ ದಿನ ಬೆಳಿಗ್ಗೆ ಸಾಬರು ಬಂದು ಮೋಟಾರನ್ನು ಬಿಚ್ಚಿದರು. ತಾತನೇ ಕರೆಸಿದ್ದರು. ಮೋಟಾರು, ಆ ಕಪ್ಪು ಡಬ್ಬಿ, ಬೆಲ್ಟು ಮೂರನ್ನೂ ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಕಡಗೋಲು ಅರ್ಧ ಉಜ್ಜಿದ್ದು ಲೇತಿನಲ್ಲೇ ಸಿಕ್ಕಿಕೊಂಡಿತ್ತು. ಅಜ್ಜಿ ಒಳಗಿನಿಂದ ಮೊಸರು ಕಡೆಯುವ ಹಗ್ಗ ತಂದು, ಅದರ ಹಿಡಿಕೆಯ ಸುತ್ತ ಸುತ್ತಿ, ಒಂದು ತುದಿಯನ್ನು ತಾನು ಹಿಡಿದು, ಇನ್ನೊಂದನ್ನು ನನ್ನ ಕಡೆ ಚಾಚಿದಳು.

ನಾನು ಹೊಸಿಲಾಚೆ ನಿಂತಿದ್ದೆ. ಕೂದಲನ್ನು ಅವಳೇ ಬೆಳಿಗ್ಗೆ ಬಿಗಿಯಾಗಿ ತುರುಬು ಕಟ್ಟಿದ್ದಳು. "ಬಾ," ಅಂದಳು. "ಇದು ನೀನ್ ಎಳುದ್ರೆ ಬರ್ತದೆ, ಬುಟ್ರೆ ಹೋಗ್ತದೆ."

ಹೊಸಿಲು ದಾಟಿದೆ. ಹಗ್ಗ ಹಿಡಿದೆ. ಅವಳು ಎಳೆದಾಗ ಲೇತು ಮುಂದಕ್ಕೆ ತಿರುಗಿತು, ನಾನು ಎಳೆದಾಗ ಹಿಂದಕ್ಕೆ. ತಾತ ಎದುರು ನಿಂತು ಉಜ್ಜಿದರು. ಪುಡಿ ಒಮ್ಮೆ ಅವರ ಬನಿಯನ್ನಿನ ಮೇಲೆ ಬಿತ್ತು, ಒಮ್ಮೆ ಗೋಡೆಯ ಮೇಲೆ. ನಡುವೆ ನಾನು ಎಳೆಯುವುದನ್ನು ನಿಲ್ಲಿಸಿ ನೋಡಿದೆ. ಅದೂ ನಿಂತಿತು.